ದೂರದ ಪೆಟ್ಟಿಗೆಯ ಮಾತನ್ನು ನಂಬುವುದು ಹೇಗೆ?

ಓದುಗರ ಪ್ರಶ್ನೆ – ಉತ್ತರ

ದತ್ತಾಂಶವನ್ನೆಲ್ಲ ದೂರದ ಸರ್ವರ್‌ಗೆ ಸಾಗಿಸದೆ, ಅದು ಹುಟ್ಟುವ ಜಾಗದಲ್ಲೇ ಒಂದು ಸಣ್ಣ ಕಂಪ್ಯೂಟರ್ ಇಟ್ಟು ಸಂಸ್ಕರಿಸುವ ಎಡ್ಜ್ ಕಂಪ್ಯೂಟಿಂಗ್ ಪದ್ಧತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಆ ಬಳಿಕ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕವನ್ನು ವ್ಯಕ್ತಪಡಿಸಿವೆ. ಕಾವಲಿಲ್ಲದ ಕೋಣೆಯಲ್ಲೋ ಕಂಬದ ಮೇಲೋ ಕುಳಿತಿರುವ ಆ ಪೆಟ್ಟಿಗೆಯಲ್ಲಿ ನಾವು ಹಾಕಿದ ತಂತ್ರಾಂಶವೇ ಇಂದಿಗೂ ಓಡುತ್ತಿದೆ ಎಂದು ಇಲ್ಲಿ ಕುಳಿತು ತಿಳಿಯುವುದು ಹೇಗೆ ಎಂಬುದೇ ಆ ಆತಂಕ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ (ಹಾಸನ ಜಿಲ್ಲೆಯ ಓದುಗರು): ಹಳ್ಳಿಗಳ ಬಿಎಂಸಿ (ಹಾಲನ್ನು ಒಟ್ಟಾಗಿ ತಂಪುಗೊಳಿಸಿಡುವ) ಕೇಂದ್ರಗಳಲ್ಲಿ ಹಾಲಿನ ಪ್ರಮಾಣ, ಉಷ್ಣಾಂಶ, ಕೊಬ್ಬಿನಂಶಗಳನ್ನು ದಾಖಲಿಸುವ ಸುಮಾರು 140 ಪೆಟ್ಟಿಗೆಗಳ ಉಸ್ತುವಾರಿ ನನ್ನದು. ಎಲ್ಲವೂ ಲಿನಕ್ಸ್ ಯಂತ್ರಗಳು. ಐದು ನಿಮಿಷಕ್ಕೊಮ್ಮೆ ಪ್ರತಿ ಪೆಟ್ಟಿಗೆಯೂ ತನ್ನ ಕ್ರಮಸಂಖ್ಯೆ, ತಂತ್ರಾಂಶದ ಆವೃತ್ತಿ ಮತ್ತು ‘ಸ್ಥಿತಿ: ಸರಿ’ ಎಂಬ ಸಂದೇಶವನ್ನು ಟಿಎಲ್‌ಎಸ್ ಮೂಲಕ ಕಳಿಸುತ್ತದೆ. ಪ್ರತಿಯೊಂದಕ್ಕೂ ಅದರ ಗುರುತು ಹೇಳುವ ಪ್ರತ್ಯೇಕ ಡಿಜಿಟಲ್ ಸರ್ಟಿಫಿಕೇಟ್ ಕೊಟ್ಟಿದ್ದೇವೆ. ಇಷ್ಟು ಸಾಲದೇ?

ಉತ್ತರ: ಸಾಲದು. ತಾವು ಮಾಡಿರುವ ಏರ್ಪಾಡು ಒಳ್ಳೆಯದೇ, ಆದರೆ ಅದು ಕಾಯುವುದು ದಾರಿಯನ್ನು. ಪೆಟ್ಟಿಗೆಯಿಂದ ಸರ್ವರ್‌ವರೆಗಿನ ದಾರಿಯಲ್ಲಿ ಯಾರೂ ಸಂದೇಶವನ್ನು ಓದದಂತೆ, ತಿದ್ದದಂತೆ ಟಿಎಲ್‌ಎಸ್ ನೋಡಿಕೊಳ್ಳುತ್ತದೆ. ದಾರಿ ಹೊರಡುವ ಮನೆಯೊಳಗೆ ಏನು ನಡೆಯುತ್ತಿದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ‘ಸ್ಥಿತಿ: ಸರಿ’ ಎಂದು ಬರೆಯುವುದು ಪೆಟ್ಟಿಗೆಯ ತಂತ್ರಾಂಶ, ನಮಗೆ ಅನುಮಾನವಿರುವುದೂ ಅದೇ ತಂತ್ರಾಂಶದ ಮೇಲೆ. ಒಳಹೊಕ್ಕವನು ಆ ಒಂದು ಸಾಲನ್ನು ಮಾತ್ರ ಇದ್ದಂತೆಯೇ ಬಿಟ್ಟು ಉಳಿದದ್ದನ್ನು ಬದಲಿಸಿದರೆ ತಮ್ಮ ಪರದೆಯ ಮೇಲೆ ಏನೂ ಕಾಣುವುದಿಲ್ಲ.

ಅಂಕಪಟ್ಟಿಯ ನಕಲನ್ನು ಕೊಡಲು ಹೋದಾಗ ‘ಅಟೆಸ್ಟ್ ಮಾಡಿಸಿಕೊಂಡು ಬನ್ನಿ’ ಎಂದು ಕಚೇರಿಗಳಲ್ಲಿ ಹೇಳಿಸಿಕೊಂಡ ನೆನಪು ನನ್ನ ವಯಸ್ಸಿನವರಿಗೆಲ್ಲ ಇರುತ್ತದೆ. ನಕಲು ಮೂಲಕ್ಕೆ ಸರಿಯಾಗಿದೆ ಎಂದು ಅರ್ಜಿದಾರನೇ ಹೇಳಿದರೆ ನಡೆಯದು, ಆ ಮಾತಿನಿಂದ ತನಗೇನೂ ಲಾಭವಿಲ್ಲದ ಗೆಜೆಟೆಡ್ ಅಧಿಕಾರಿಯೊಬ್ಬರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಸಹಿ ಹಾಕಬೇಕು ಎಂಬುದು ಅದರ ಹಿಂದಿನ ತರ್ಕ. ದೂರದ ಸಾಧನಗಳನ್ನು ಪರಿಶೀಲಿಸುವ ಪದ್ಧತಿಗೂ ಅದೇ ಹೆಸರಿದೆ: ರಿಮೋಟ್ ಅಟೆಸ್ಟೇಷನ್. ಕನ್ನಡದಲ್ಲಿ ದೂರದೃಢೀಕರಣ ಎನ್ನಬಹುದು.

ಸರ್ಟಿಫಿಕೇಟ್ ಇದೆಯಲ್ಲ ಎಂದು ತಾವು ಕೇಳಬಹುದು. ಅದರ ಗುಪ್ತ ಕೀಲಿ ಎಲ್ಲಿದೆ ಎಂಬುದನ್ನು ಮೊದಲು ನೋಡಿ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಯೋಜನೆಯೊಂದರಲ್ಲಿ ನೀರಿನ ಪಂಪ್‌ಹೌಸ್‌ಗಳಲ್ಲಿ ಇಂಥವೇ ಪೆಟ್ಟಿಗೆಗಳಿದ್ದವು. ಒಂದು ಪೆಟ್ಟಿಗೆ ಕೆಟ್ಟಾಗ ಸ್ಥಳದ ತಂತ್ರಜ್ಞರು ಸಮಯ ಉಳಿಸುವ ಒಳ್ಳೆಯ ಉದ್ದೇಶದಿಂದಲೇ ಪಕ್ಕದೂರಿನ ಪೆಟ್ಟಿಗೆಯ ಎಸ್‌ಡಿ ಕಾರ್ಡನ್ನು ನಕಲು ಮಾಡಿ ಹೊಸದಕ್ಕೆ ಹಾಕಿದರು. ಕಾರ್ಡಿನ ಜೊತೆಗೆ ಕೀಲಿಯೂ ನಕಲಾಯಿತು. ಎರಡು ಊರಿನ ಎರಡು ಯಂತ್ರಗಳು ಒಂದೇ ಹೆಸರಿನಲ್ಲಿ, ಒಂದೇ ಸರ್ಟಿಫಿಕೇಟ್ ತೋರಿಸಿ, ತಿಂಗಳುಗಟ್ಟಲೆ ನಮಗೆ ‘ಸರಿ’ ಎಂದು ಹೇಳುತ್ತ ಬಂದವು. ನೀರಿನ ಮಟ್ಟ ಒಂದೇ ಗಂಟೆಯಲ್ಲಿ ಆರು ಬಾರಿ ಏರಿಳಿದಂತೆ ಕಂಡಾಗ ಸೆನ್ಸರ್ ಕೆಟ್ಟಿದೆ ಎಂದುಕೊಂಡೆವು. ಕೊನೆಗೆ ನಾನೇ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು, ಕಾರ್ಡಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿದ್ದ ಇನ್ನೊಂದು ಊರಿನ ಹೆಸರನ್ನು ನೋಡಿದಾಗ ಮಾತ್ರ ವಿಷಯ ತಿಳಿಯಿತು. ಅಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ದುರುದ್ದೇಶವಿದ್ದವನಿಗೆ ಇದಕ್ಕಿಂತ ಹೆಚ್ಚಿನ ಶ್ರಮವೂ ಬೇಕಿರಲಿಲ್ಲ.

ಆದ್ದರಿಂದ ಕೀಲಿ ನಕಲಾಗದ ಜಾಗದಲ್ಲಿರಬೇಕು. ಕೈಗಾರಿಕಾ ದರ್ಜೆಯ ಎಷ್ಟೋ ಪೆಟ್ಟಿಗೆಗಳಲ್ಲಿ ಟಿಪಿಎಂ ಎಂಬ ಚಿಪ್ ಈಗಾಗಲೇ ಇರುತ್ತದೆ. ತಮ್ಮ ಯಂತ್ರದ ‘ಡೆವ್’ ಕಡತಕೋಶದಲ್ಲಿ ‘ಟಿಪಿಎಂ0’ ಎಂಬ ಹೆಸರಿದೆಯೇ ನೋಡಿ. ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಎಂಬ ಒಕ್ಕೂಟ ರೂಪಿಸಿದ ಇದರ 2.0 ಆವೃತ್ತಿ 2014ರಲ್ಲಿ ಬಂದು, 2015ರಲ್ಲಿ ಐಎಸ್‌ಒ ಮಾನದಂಡವಾಯಿತು. ಚಿಪ್ಪಿನೊಳಗೆ ಹುಟ್ಟಿದ ಗುಪ್ತ ಕೀಲಿ ಹೊರಗೆ ಬರುವುದಿಲ್ಲ. ಕೀಲಿಯಿಂದ ಆಗಬೇಕಾದ ಕೆಲಸವನ್ನು ಒಳಗೇ ಮಾಡಿ ಫಲಿತಾಂಶವನ್ನಷ್ಟೇ ಚಿಪ್ ಹೊರಗೆ ಕೊಡುತ್ತದೆ.

ಚಿಪ್ಪಿನ ಇನ್ನೊಂದು ಗುಣ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಅದರೊಳಗೆ ಪಿಸಿಆರ್ ಎಂಬ ರಿಜಿಸ್ಟರ್‌ಗಳಿವೆ, ಪಿಸಿ ಮಾದರಿಯ ಟಿಪಿಎಂನಲ್ಲಿ 24. ಇವುಗಳಲ್ಲಿ ಯಾವ ಮೌಲ್ಯವನ್ನೂ ನೇರವಾಗಿ ಬರೆಯಲಾಗದು. ಇರುವ ಮೌಲ್ಯವನ್ನು ಮತ್ತು ಹೊಸ ಅಳತೆಯನ್ನು ಒಟ್ಟಿಗೆ ಜೋಡಿಸಿ, ಅವುಗಳ ಹ್ಯಾಶ್ (ದತ್ತಾಂಶದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ತೆಗೆದು, ಅದನ್ನೇ ಹೊಸ ಮೌಲ್ಯವಾಗಿ ಇಡುವುದೊಂದೇ ದಾರಿ. ವಿದ್ಯುತ್ ಬಂದ ಕ್ಷಣದಲ್ಲಿ ಬೂಟ್ ಅಳತೆಗಳ ರಿಜಿಸ್ಟರ್ ಸೊನ್ನೆಗಳಿಂದ ತುಂಬಿರುತ್ತದೆ. ಮೊದಲು ಓಡುವ ಫರ್ಮ್‌ವೇರ್ (ಯಂತ್ರದ ಚಿಪ್ಪಿನಲ್ಲೇ ಇರುವ ತಂತ್ರಾಂಶ) ತನ್ನ ಮುಂದಿನ ಹಂತವನ್ನು ಅಳೆದು, ಅಂದರೆ ಅದರ ಹ್ಯಾಶ್ ತೆಗೆದು, ರಿಜಿಸ್ಟರ್‌ಗೆ ಸೇರಿಸಿ ನಂತರವೇ ಅದಕ್ಕೆ ಅಧಿಕಾರ ಬಿಟ್ಟುಕೊಡುತ್ತದೆ. ಬೂಟ್‌ಲೋಡರ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲನ್ನು ಅಳೆಯುತ್ತದೆ, ಕರ್ನಲ್ ತಾನು ಓಡಿಸುವ ಪ್ರೋಗ್ರಾಂಗಳನ್ನು ಅಳೆಯುತ್ತದೆ. ಪ್ರಯೋಗಕ್ಕೆಂದು ತಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ಕರ್ನಲ್‌ಗೆ ಕೊಡುವ ಆಜ್ಞಾ ಸಾಲಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿ ನೋಡಿ: 64 ಅಂಕಿ-ಅಕ್ಷರಗಳ ಆ ಪಿಸಿಆರ್ ಮೌಲ್ಯದಲ್ಲಿ ಹಿಂದಿನ ಗುರುತೇ ಉಳಿಯುವುದಿಲ್ಲ. ಮುಖ್ಯವಾದ ಮಾತೆಂದರೆ, ಕೆಟ್ಟ ತಂತ್ರಾಂಶ ಅಧಿಕಾರಕ್ಕೆ ಬರುವ ಮೊದಲೇ ಅದರ ಅಳತೆ ದಾಖಲಾಗಿರುತ್ತದೆ. ಬಂದ ಮೇಲೆ ಅದು ಏನನ್ನಾದರೂ ಸೇರಿಸಬಹುದು, ಆಗಿಹೋದದ್ದನ್ನು ಅಳಿಸಲಾರದು.

ಇನ್ನು ಪರಿಶೀಲನೆ. ತಮ್ಮ ಕೇಂದ್ರದ ಸರ್ವರ್ ಪ್ರತಿ ಬಾರಿಯೂ ಹೊಸದಾಗಿ ಹುಟ್ಟಿಸಿದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಪೆಟ್ಟಿಗೆಗೆ ಕಳಿಸುತ್ತದೆ. ಟಿಪಿಎಂ ಆ ಸಂಖ್ಯೆಯನ್ನೂ ಪಿಸಿಆರ್ ಮೌಲ್ಯಗಳ ಸಾರಾಂಶವನ್ನೂ ಸೇರಿಸಿ ಸಹಿ ಮಾಡಿ ಕೊಡುತ್ತದೆ. ಇದನ್ನು ಕ್ವೋಟ್ ಎನ್ನುತ್ತಾರೆ. ಸರ್ವರ್ ಸಹಿಯನ್ನು ಪರೀಕ್ಷಿಸಿ, ಮೌಲ್ಯಗಳನ್ನು ತನ್ನಲ್ಲಿರುವ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. 2023ರ ಜನವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 9334 ಎಂಬ ದಾಖಲೆ ಈ ನಾಟಕದ ಪಾತ್ರಗಳಿಗೆ ಹೆಸರು ಕೊಟ್ಟಿದೆ: ಸಾಕ್ಷ್ಯ ಕೊಡುವವನು, ಸಾಕ್ಷ್ಯವನ್ನು ಪರಿಶೀಲಿಸುವವನು, ಆ ಪರಿಶೀಲನೆಯನ್ನು ನಂಬಿ ವ್ಯವಹರಿಸುವವನು. ತಮ್ಮ ಸಂದರ್ಭದಲ್ಲಿ ಮೊದಲನೆಯವನು ಪೆಟ್ಟಿಗೆ, ಎರಡನೆಯವನು ಪರಿಶೀಲಿಸುವ ಸರ್ವರ್, ಮೂರನೆಯವನು ಹಾಲಿನ ಬಟವಾಡೆಯ ಲೆಕ್ಕ ಬರೆಯುವ ತಂತ್ರಾಂಶ. ಎರಡನೆಯ ಮತ್ತು ಮೂರನೆಯ ಪಾತ್ರಗಳನ್ನು ಒಂದೇ ಯಂತ್ರದಲ್ಲಿ ಬೆರೆಸಬೇಡಿ ಎಂಬುದು ನನ್ನ ಸಲಹೆ. ಲೆಕ್ಕದ ತಂತ್ರಾಂಶವನ್ನು ಮುಟ್ಟುವವರು ಬಹಳ ಜನ. ಪರಿಶೀಲಕನನ್ನು ಮುಟ್ಟುವವರು ಇಬ್ಬರಿಗಿಂತ ಹೆಚ್ಚಿರಬಾರದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವುದನ್ನು ಬಲ್ಲೆವು. ಕೆಟ್ಟ ಪೆಟ್ಟಿಗೆಯೊಂದು ತಮ್ಮ ಪ್ರಶ್ನೆಯನ್ನು ಬೇರೆಲ್ಲೋ ಇಟ್ಟಿರುವ ಒಳ್ಳೆಯ ಯಂತ್ರಕ್ಕೆ ರವಾನಿಸಿ, ಅದರ ಟಿಪಿಎಂ ಕೊಟ್ಟ ಉತ್ತರವನ್ನು ತನ್ನದೆಂದು ತಂದುಕೊಡಬಹುದು. ಈ ಬಗೆಯ ದಾಳಿಗೆ ಕೋಗಿಲೆ ದಾಳಿ ಎಂಬ ಹೆಸರೇ ಇದೆ. ಇದನ್ನು ತಡೆಯಬೇಕಾದರೆ ಪೆಟ್ಟಿಗೆ ತಮ್ಮ ಕಚೇರಿಯಿಂದ ಹೊರಡುವ ಮೊದಲೇ ಅದರ ಟಿಪಿಎಂನ ಎಂಡಾರ್ಸ್‌ಮೆಂಟ್ ಕೀಯ, ಅಂದರೆ ಆ ಚಿಪ್ಪಿನ ಗುರುತಿನ ಕೀಲಿಯ, ಬಹಿರಂಗ ಭಾಗವನ್ನು ಓದಿ, ಕ್ರಮಸಂಖ್ಯೆಯ ಎದುರು ದಾಖಲಿಸಿಡಬೇಕು. ಈ ಕೀಗೆ ಸಾಮಾನ್ಯವಾಗಿ ತಯಾರಕರ ಸರ್ಟಿಫಿಕೇಟ್ ಇರುತ್ತದೆ, ಅದನ್ನೂ ಪರೀಕ್ಷಿಸಿ. ಕ್ವೋಟ್‌ಗೆ ಸಹಿ ಹಾಕುವ ಕೀಲಿ ಅದೇ ಚಿಪ್ಪಿನೊಳಗಿದೆ ಎಂದು ಸಾಬೀತುಪಡಿಸುವ ಕ್ರಮವೂ ಟಿಪಿಎಂನಲ್ಲಿದೆ: ಸರ್ವರ್ ಒಂದು ಗುಟ್ಟನ್ನು ಎಂಡಾರ್ಸ್‌ಮೆಂಟ್ ಕೀಗೆ ಬೀಗ ಹಾಕಿ ಕಳಿಸಿದರೆ, ಸಹಿಯ ಕೀಲಿಯೂ ತನ್ನೊಳಗೇ ಇದ್ದಾಗ ಮಾತ್ರ ಚಿಪ್ ಅದನ್ನು ಬಿಡಿಸಿಕೊಡುತ್ತದೆ. 140 ಪೆಟ್ಟಿಗೆಗಳಿಗೆ ಇದು ಎರಡು ದಿನದ ಕೆಲಸ. ಪೆಟ್ಟಿಗೆಗಳು ಹಳ್ಳಿಗಳಿಗೆ ಹೋದ ಮೇಲಾದರೆ ಆರು ತಿಂಗಳಾದರೂ ಮುಗಿಯದು.

ಪ್ರಶ್ನೆ (ಮೈಸೂರಿನ ವಿದ್ಯಾರ್ಥಿನಿ): ಸೆಕ್ಯೂರ್ ಬೂಟ್ ಇದ್ದರೆ ಸಹಿಯಿಲ್ಲದ ತಂತ್ರಾಂಶ ಓಡುವುದೇ ಇಲ್ಲವಲ್ಲ. ಹಾಗಿದ್ದ ಮೇಲೆ ಅಳತೆ, ವರದಿ ಎಲ್ಲ ಏಕೆ?

ಉತ್ತರ: ಸೆಕ್ಯೂರ್ ಬೂಟ್ ಬಾಗಿಲಲ್ಲಿ ನಿಂತು ಸಹಿ ನೋಡಿ ಒಳಬಿಡುತ್ತದೆ, ಯಾರನ್ನು ಬಿಟ್ಟೆ ಎಂದು ದೂರದಲ್ಲಿರುವ ನಮಗೆ ಹೇಳುವುದಿಲ್ಲ. ಸಹಿ ಇದ್ದೂ ದೋಷವಿರುವ ಹಳೆಯ ಆವೃತ್ತಿಗಳು ಅದಕ್ಕೆ ಒಳ್ಳೆಯವಾಗಿಯೇ ಕಾಣುತ್ತವೆ. 2023ರಲ್ಲಿ ಸುದ್ದಿಯಾದ ಬ್ಲ್ಯಾಕ್‌ಲೋಟಸ್ ಎಂಬ ಬೂಟ್‌ಕಿಟ್ (ಯಂತ್ರ ಆರಂಭವಾಗುವಾಗಲೇ ಒಳಹೊಕ್ಕುವ ಕುತಂತ್ರಾಂಶ) ಬಳಸಿಕೊಂಡದ್ದು ಇದನ್ನೇ. ವಿಂಡೋಸ್‌ನ ಬೂಟ್ ಕಡತದಲ್ಲಿದ್ದ ದೋಷವನ್ನು ಮೈಕ್ರೋಸಾಫ್ಟ್ 2022ರಲ್ಲೇ ಸರಿಪಡಿಸಿತ್ತು. ಆದರೆ ದೋಷವಿದ್ದ ಹಳೆಯ ಕಡತದ ಸಹಿ ರದ್ದಾಗಿರಲಿಲ್ಲವಾದ್ದರಿಂದ, ದಾಳಿಕೋರರು ಆ ಹಳೆಯದನ್ನೇ ಜೊತೆಗೆ ತಂದು ಹಾಕುತ್ತಿದ್ದರು. ಸಹಿ ಸರಿಯಿತ್ತು, ಬಾಗಿಲು ತೆರೆಯಿತು. ಅಳತೆ ಮಾಡಿ ವರದಿ ಮಾಡುವ ವ್ಯವಸ್ಥೆಯಲ್ಲಿ ಆ ಹಳೆಯ ಕಡತದ ಹ್ಯಾಶ್ ಪರಿಶೀಲಕನ ಮುಂದೆ ಬರುತ್ತದೆ, ಇಂದಿನ ಪಟ್ಟಿಯಲ್ಲಿ ಅದು ಇರುವುದಿಲ್ಲ. ಎರಡೂ ಬೇಕು, ಒಂದು ಇನ್ನೊಂದರ ಬದಲಿಗಲ್ಲ.

ಪ್ರಶ್ನೆ (ಹುಬ್ಬಳ್ಳಿಯಲ್ಲಿ ಸಣ್ಣ ಉದ್ದಿಮೆ ನಡೆಸುತ್ತಿರುವ ಓದುಗರು): ನಮ್ಮ 60 ಸಾಧನಗಳಿಗೆ ಟಿಪಿಎಂ ಆಧಾರಿತ ದೃಢೀಕರಣವನ್ನು ಅಳವಡಿಸಿದೆವು. ಮೊದಲ ತಿಂಗಳು ಚೆನ್ನಾಗಿ ನಡೆಯಿತು. ಕರ್ನಲ್ ಅಪ್‌ಡೇಟ್ ಕಳಿಸಿದ ರಾತ್ರಿ ಅರ್ಧಕ್ಕರ್ಧ ಸಾಧನಗಳು ‘ಅವಿಶ್ವಾಸಾರ್ಹ’ ಎಂದು ಕೆಂಪಾದವು, ಗ್ರಾಹಕರಿಗೆ ಸೇವೆ ನಿಂತಿತು. ಎರಡನೆಯ ಬಾರಿಯೂ ಹೀಗೇ ಆದಾಗ ಪರಿಶೀಲನೆಯನ್ನೇ ನಿಲ್ಲಿಸಿದೆವು. ನಾವು ಎಲ್ಲಿ ತಪ್ಪಿದೆವು?

ಉತ್ತರ: ತಮ್ಮ ಪತ್ರವನ್ನು ಎರಡು ಬಾರಿ ಓದಿದೆ, ಏಕೆಂದರೆ ಈ ವಿದ್ಯೆ ಸೋಲುವುದು ಬಹುಪಾಲು ಇಲ್ಲೇ. ಚಿಪ್ಪಿನ ಗಣಿತ ಸರಿಯಾಗಿಯೇ ಇರುತ್ತದೆ. ತಾಳೆ ನೋಡಬೇಕಾದ ಪಟ್ಟಿಯನ್ನು ದಿನದಿನವೂ ಸರಿಯಾಗಿ ಇಟ್ಟುಕೊಳ್ಳುವವರು ಇರುವುದಿಲ್ಲ.

ಅರ್ಧದಷ್ಟು ಸಾಧನಗಳು ಮಾತ್ರ ಕೆಂಪಾದವು ಎಂಬ ಮಾತಿನಲ್ಲೇ ಕಾರಣದ ಸುಳಿವಿದೆ. ಬೂಟ್ ಆಗುವಾಗ ಕರ್ನಲ್ ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಡತವೂ ಮೆಮೊರಿಗೆ ಬರುತ್ತದೆ. ಹಲವು ಲಿನಕ್ಸ್ ವಿತರಣೆಗಳಲ್ಲಿ ಇದು ಅಪ್‌ಡೇಟ್ ಸಮಯದಲ್ಲಿ ಆಯಾ ಯಂತ್ರದಲ್ಲೇ ತಯಾರಾಗುತ್ತದೆ. ಅದರೊಳಗೆ ಸೇರುವ ಡ್ರೈವರ್‌ಗಳು, ಸಂರಚನೆಯ ಕಡತಗಳು, ಕೆಲವೊಮ್ಮೆ ಕಡತಗಳ ಸಮಯಮುದ್ರೆಗಳು ಕೂಡ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುತ್ತವೆ. ಆದ್ದರಿಂದ 60 ಯಂತ್ರಗಳಲ್ಲಿ ಒಂದೇ ಕರ್ನಲ್ ಇದ್ದರೂ ಹ್ಯಾಶ್‌ಗಳು ಬೇರೆ ಬೇರೆ ಬರುತ್ತವೆ. ಇದಕ್ಕೆ ಒಂದೇ ಮದ್ದು: ಕರ್ನಲ್, ಇನಿಟ್‌ರಾಮ್‌ಎಫ್‌ಎಸ್, ಆಜ್ಞಾ ಸಾಲು ಮೂರನ್ನೂ ತಮ್ಮ ಕಚೇರಿಯಲ್ಲೇ ಒಮ್ಮೆ ಕಟ್ಟಿ, ಸಹಿ ಮಾಡಿದ ಒಂದೇ ಚಿತ್ರಿಕೆಯನ್ನು (ಇಮೇಜ್ ಕಡತವನ್ನು) ಎಲ್ಲ ಸಾಧನಗಳಿಗೂ ಕಳಿಸುವುದು. ಆಗ ನಿರೀಕ್ಷಿತ ಮೌಲ್ಯವನ್ನು ಕಟ್ಟುವ ಹಂತದಲ್ಲೇ ಲೆಕ್ಕಹಾಕಿಟ್ಟುಕೊಳ್ಳಬಹುದು.

‘ಕಟ್ಟುವ ಹಂತದಲ್ಲೇ’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಎಷ್ಟೋ ಕಡೆ ಹೊಲದಲ್ಲೋ ಕಾರ್ಖಾನೆಯಲ್ಲೋ ಓಡುತ್ತಿರುವ ಒಂದು ಸಾಧನವನ್ನು ಆರಿಸಿ, ಅದರ ಮೌಲ್ಯಗಳನ್ನೇ ‘ಸರಿಯಾದ ಮೌಲ್ಯ’ ಎಂದು ಪಟ್ಟಿಗೆ ಸೇರಿಸುವುದನ್ನು ನೋಡಿದ್ದೇನೆ. ಅಳೆಯಬೇಕಾದ ಕಾಳಿನ ಮೂಟೆಯನ್ನೇ ತೂಕದ ಬಟ್ಟಾಗಿ ಬಳಸಿದಂತೆ ಇದು. ಅಂಗಡಿಯ ಬಟ್ಟಿನ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವುದು, ಆ ಬಟ್ಟನ್ನು ಅಂಗಡಿಯ ಹೊರಗಿನ ಅಧಿಕೃತ ತೂಕಕ್ಕೆ ಹೋಲಿಸಿ ನೋಡಿದ ಮೇಲೆ. ಅಂಥ ಹೊರಗಿನ ತೂಕ ತಮ್ಮ ಸಂಸ್ಥೆಯಲ್ಲಿ ತಂತ್ರಾಂಶವನ್ನು ಕಟ್ಟುವ ಯಂತ್ರವೇ ಆಗಿರಬೇಕು. ಆ ಯಂತ್ರವನ್ನು ಕಾಯುವುದು 60 ಸಾಧನಗಳನ್ನು ಕಾಯುವುದಕ್ಕಿಂತ ಮುಖ್ಯ.

ಅಪ್‌ಡೇಟ್‌ನ ಅನುಕ್ರಮವೂ ಮುಖ್ಯ. ಹೊಸ ಮೌಲ್ಯ ಮೊದಲು ಪರಿಶೀಲಕನ ಪಟ್ಟಿಗೆ ಸೇರಬೇಕು, ಆಮೇಲೆ ಅಪ್‌ಡೇಟ್ ಹೊರಡಬೇಕು. ಕೆಲವು ದಿನ ಹಳೆಯದು, ಹೊಸದು ಎರಡೂ ಮಾನ್ಯವಾಗಿರಲಿ. ಹಳೆಯದನ್ನು ತೆಗೆಯುವ ದಿನಾಂಕವನ್ನು ಮೊದಲೇ ಬರೆದಿಟ್ಟು, ಆ ದಿನ ತಪ್ಪದೆ ತೆಗೆಯಿರಿ. ತೆಗೆಯದಿದ್ದರೆ ಬ್ಲ್ಯಾಕ್‌ಲೋಟಸ್ ಪ್ರಸಂಗದ ಬಾಗಿಲನ್ನು ನಾವೇ ತೆರೆದಿಟ್ಟಂತಾಗುತ್ತದೆ.

ಕರ್ನಲ್ ಆಚೆಗಿನ ಪ್ರೋಗ್ರಾಂಗಳನ್ನು ಅಳೆಯಲು ತಾವು ಐಎಂಎ ಬಳಸುತ್ತಿದ್ದೀರಿ ಎಂದು ಪತ್ರದ ಕೊನೆಯಲ್ಲಿ ತಿಳಿಸಿದ್ದೀರಿ. 2009ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇರುವ ಈ ಸೌಲಭ್ಯ, ಪ್ರತಿ ಪ್ರೋಗ್ರಾಂ ಓಡುವ ಮೊದಲು ಅದರ ಹ್ಯಾಶನ್ನು ಒಂದು ಪಟ್ಟಿಗೆ ಬರೆದು ಪಿಸಿಆರ್ 10ಕ್ಕೆ ಸೇರಿಸುತ್ತದೆ. ಪಿಸಿಆರ್ 10ರ ಅಂತಿಮ ಮೌಲ್ಯವನ್ನು ಒಂದು ನಿಶ್ಚಿತ ಸಂಖ್ಯೆಗೆ ಹೋಲಿಸಬೇಡಿ. ಹಲವು ಪ್ರೋಗ್ರಾಂಗಳು ಏಕಕಾಲಕ್ಕೆ ಆರಂಭವಾಗುವುದರಿಂದ ಅವುಗಳ ಅನುಕ್ರಮ ಪ್ರತಿ ಬೂಟ್‌ನಲ್ಲೂ ಬದಲಾಗುತ್ತದೆ, ಅನುಕ್ರಮ ಬದಲಾದರೆ ಮೌಲ್ಯವೂ ಬದಲಾಗುತ್ತದೆ. ಸಾಧನ ಕಳಿಸಿದ ಪಟ್ಟಿಯನ್ನು ಸರ್ವರ್‌ನಲ್ಲಿ ಮೊದಲಿನಿಂದ ಮತ್ತೆ ಹ್ಯಾಶ್ ಮಾಡುತ್ತ ಬಂದು, ಕೊನೆಗೆ ದೊರೆತ ಮೌಲ್ಯ ಸಹಿಯಾದ ಮೌಲ್ಯಕ್ಕೆ ಸರಿಹೊಂದುತ್ತದೆಯೇ ನೋಡಿ. ಹೊಂದಿದರೆ ಪಟ್ಟಿಯನ್ನು ಯಾರೂ ತಿದ್ದಿಲ್ಲ ಎಂದರ್ಥ. ಆಮೇಲೆ ಪಟ್ಟಿಯ ಒಂದೊಂದು ಸಾಲನ್ನೂ ಪರೀಕ್ಷಿಸಬೇಕು. ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದಲ್ಲಿ ಹುಟ್ಟಿ ಈಗ ಮುಕ್ತ ತಂತ್ರಾಂಶವಾಗಿ ಬೆಳೆಯುತ್ತಿರುವ ಕೀಲೈಮ್ ಈ ಕೆಲಸವನ್ನು ಮಾಡಿಕೊಡುತ್ತದೆ. ಹೊಸದಾಗಿ ಬರೆಯುವ ಅಗತ್ಯವಿಲ್ಲ.

ಐಎಂಎ ನಿಯಮಾವಳಿಯನ್ನು ಮಾತ್ರ ಇದ್ದಂತೆಯೇ ಒಪ್ಪಿಕೊಳ್ಳಬೇಡಿ. ಪೈಥಾನ್ ಎಂಬ ಪ್ರೋಗ್ರಾಂ ಅಳತೆಗೆ ಸಿಗುತ್ತದೆ, ಆದರೆ ಅದಕ್ಕೆ ಓದಲು ಕೊಟ್ಟ ಸ್ಕ್ರಿಪ್ಟ್ ತಪ್ಪಿಸಿಕೊಳ್ಳಬಹುದು. 2016ರಲ್ಲಿ ಕ್ಯಾಮೆರಾ, ರೂಟರ್‌ಗಳಂಥ ಲಕ್ಷಾಂತರ ಸಾಧನಗಳನ್ನು ಕಾರ್ಖಾನೆಯ ಪಾಸ್‌ವರ್ಡ್‌ಗಳಿಂದಲೇ ಹಿಡಿದ ಮಿರಾಯ್ ಎಂಬ ಕುತಂತ್ರಾಂಶ, ಓಡಲು ಆರಂಭಿಸಿದ ಮೇಲೆ ತನ್ನ ಕಡತವನ್ನು ತಾನೇ ಅಳಿಸಿ ಮೆಮೊರಿಯಲ್ಲಷ್ಟೇ ಉಳಿಯುತ್ತಿತ್ತು. ಬೂಟ್ ಅಳತೆಗೆ ಅಂಥದ್ದು ಕಾಣುವುದೇ ಇಲ್ಲ. ತಾತ್ಕಾಲಿಕ ಕಡತಕೋಶಗಳನ್ನೂ ಅಳೆಯುವಂತೆ ನಿಯಮ ಬರೆದಿದ್ದರೆ, ಓಡಿದ ಕ್ಷಣದಲ್ಲೇ ಅದರ ಗುರುತು ಪಿಸಿಆರ್‌ನಲ್ಲಿ ಉಳಿಯುತ್ತದೆ, ಆಮೇಲೆ ಕಡತ ಅಳಿಸಿದರೂ ಆ ಗುರುತು ಹೋಗದು.

ಕೊನೆಯದಾಗಿ, ತಾಳೆಯಾಗದ ಸಾಧನವನ್ನು ಆ ಕ್ಷಣವೇ ಕತ್ತರಿಸುವ ನಿಯಮವೇ ತಮ್ಮನ್ನು ಪರಿಶೀಲನೆ ನಿಲ್ಲಿಸುವಷ್ಟು ಬೇಸರಪಡಿಸಿದೆ. ಅದರ ಬದಲು, ಅಂಥ ಸಾಧನಕ್ಕೆ ಹೊಸ ಕೀಲಿಗಳನ್ನು ಕೊಡುವುದನ್ನು ಮೊದಲು ನಿಲ್ಲಿಸಿ. ಅದರ ದತ್ತಾಂಶವನ್ನು ‘ಪರಿಶೀಲನೆ ಬಾಕಿ’ ಎಂಬ ಗುರುತಿನೊಂದಿಗೆ ಸ್ವೀಕರಿಸಿ. ಒಬ್ಬ ಮನುಷ್ಯ ಲಾಗ್ ನೋಡಿದ ಮೇಲೆ ಸಂಪರ್ಕ ಕಡಿಯುವ ನಿರ್ಧಾರವಾಗಲಿ. ಕವಾಟ, ಮೋಟಾರುಗಳನ್ನು ನಡೆಸುವ ಸಾಧನವಾದರೆ ನಿಯಮ ಇನ್ನೂ ಬಿಗಿಯಾಗಿರಬೇಕು. ದಯವಿಟ್ಟು ಪರಿಶೀಲನೆಯನ್ನು ಮತ್ತೆ ಆರಂಭಿಸಿ, ಮೊದಲ ಎರಡು ತಿಂಗಳು ಬರೀ ನೋಡುವುದಕ್ಕಾದರೂ.

ಪ್ರಶ್ನೆ (ಪಾವಗಡ ತಾಲ್ಲೂಕಿನ ಓದುಗರು): ಸೌರ ಫಲಕಗಳ ಇನ್ವರ್ಟರ್‌ಗಳಿಂದ ಮಾಹಿತಿ ಸಂಗ್ರಹಿಸುವ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತೇನೆ. ಸಂಪರ್ಕ ಕೆಲವೊಮ್ಮೆ ಗಂಟೆಗಟ್ಟಲೆ ಇರುವುದಿಲ್ಲ. ಆ ಅವಧಿಯಲ್ಲಿ ಏನಾಯಿತೆಂದು ತಿಳಿಯುವುದು ಹೇಗೆ?

ಉತ್ತರ: ಪಿಂಚಣಿದಾರರು ಪ್ರತಿ ವರ್ಷ ಜೀವಿತ ಪ್ರಮಾಣಪತ್ರ ಕೊಡಬೇಕು, ಹೋದ ವರ್ಷದ್ದನ್ನು ಈ ವರ್ಷ ತೋರಿಸಿದರೆ ಬ್ಯಾಂಕಿನವರು ಒಪ್ಪುವುದಿಲ್ಲ. ಸಾಧನದ ಸಾಕ್ಷ್ಯಕ್ಕೂ ತಾಜಾತನ ಬೇಕು, ಇಲ್ಲವಾದರೆ ಒಳ್ಳೆಯ ದಿನದಂದು ಪಡೆದ ಸಹಿಯನ್ನು ಕೆಟ್ಟ ದಿನದಂದು ಮರಳಿ ಕಳಿಸಬಹುದು. ಸರ್ವರ್ ಕಳಿಸುವ ಯಾದೃಚ್ಛಿಕ ಸಂಖ್ಯೆ ಇರುವುದು ಇದಕ್ಕಾಗಿಯೇ. ಸಂಪರ್ಕವಿಲ್ಲದಾಗ ಆ ಸಂಖ್ಯೆ ತಲುಪುವುದಿಲ್ಲ ಎಂಬುದು ತಮ್ಮ ತೊಡಕು.

ಟಿಪಿಎಂ ಕ್ವೋಟ್‌ನಲ್ಲಿ ಬಹಳ ಜನ ಗಮನಿಸದ ಒಂದು ಭಾಗವಿದೆ. ಪಿಸಿಆರ್ ಸಾರಾಂಶದ ಜೊತೆಗೆ ಚಿಪ್ಪಿನ ಗಡಿಯಾರದ ಓದು ಮತ್ತು ಮರುಆರಂಭಗಳ ಎಣಿಕೆಯೂ ಸಹಿಯೊಳಗೆ ಸೇರಿರುತ್ತವೆ. ಸಂಪರ್ಕ ಹೋಗುವ ಮೊದಲಿನ ಕ್ವೋಟ್‌ನಲ್ಲಿ ಎಣಿಕೆ 41 ಇದ್ದು, ಬಂದ ಮೇಲಿನದರಲ್ಲೂ 41 ಇದ್ದರೆ, ನಡುವೆ ಯಂತ್ರ ಆರಿ ಹೊತ್ತಿಲ್ಲ ಮತ್ತು ಪಿಸಿಆರ್‌ಗಳ ಇತಿಹಾಸ ಅಖಂಡವಾಗಿದೆ. 43 ಆಗಿದ್ದರೆ ಎರಡು ಬಾರಿ ಮರುಆರಂಭವಾಗಿದೆ. ಆ ಹೊತ್ತಿನಲ್ಲಿ ಯಾರಾದರೂ ಬೇರೆ ಡಿಸ್ಕ್‌ನಿಂದ ಬೂಟ್ ಮಾಡಿ, ಕೆಲಸ ಮುಗಿಸಿ, ಮತ್ತೆ ಮೂಲಕ್ಕೆ ಮರಳಿಸಿರಬಹುದು. ಸ್ಥಾವರದ ವಿದ್ಯುತ್ ಕಡಿತದ ದಾಖಲೆಯೊಂದಿಗೆ ಆ ಎಣಿಕೆಯನ್ನು ಹೋಲಿಸಿ ನೋಡಿ. ಪಾವಗಡದಂತೆ 2,050 ಮೆಗಾವಾಟ್ ಸಾಮರ್ಥ್ಯದ ಉದ್ಯಾನದಲ್ಲಿ ಪೆಟ್ಟಿಗೆಗಳ ಸಂಖ್ಯೆ ಹೆಚ್ಚಿರುವುದರಿಂದ, ಸ್ಥಾವರದ ಬೀಗವಿರುವ ಕೋಣೆಯಲ್ಲೇ ಒಂದು ಸ್ಥಳೀಯ ಪರಿಶೀಲಕ ಸರ್ವರನ್ನು ಇಟ್ಟು, ಕೇಂದ್ರವು ಆ ಸರ್ವರನ್ನಷ್ಟೇ ಪರಿಶೀಲಿಸುವ ಎರಡು ಹಂತದ ವ್ಯವಸ್ಥೆ ಹೆಚ್ಚು ಸೂಕ್ತವೆನಿಸುತ್ತದೆ.

ಪ್ರಶ್ನೆ (ಜರ್ಮನಿಯಲ್ಲಿರುವ ಕನ್ನಡಿಗ ಓದುಗರು): 2022ರ ಫೆಬ್ರುವರಿ 24ರಂದು ವಯಾಸ್ಯಾಟ್ ಉಪಗ್ರಹ ಜಾಲದ ಮೋಡೆಮ್‌ಗಳು ನಿಷ್ಕ್ರಿಯವಾಗಿ ಇಲ್ಲಿನ ಎನರ್ಕಾನ್ ಸಂಸ್ಥೆಯ ಸುಮಾರು 5,800 ಗಾಳಿಯಂತ್ರಗಳ ದೂರನಿಗಾ ತಪ್ಪಿತ್ತು. ದೃಢೀಕರಣವಿದ್ದಿದ್ದರೆ ಅದು ತಪ್ಪುತ್ತಿತ್ತೇ?

ಉತ್ತರ: ಆ ಹಾನಿ ತಪ್ಪುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ದಾಳಿಕೋರರು ತಪ್ಪಾಗಿ ಸಂರಚಿಸಿದ್ದ ವಿಪಿಎನ್ ಉಪಕರಣದ ಮೂಲಕ ನಿರ್ವಹಣಾ ಜಾಲವನ್ನೇ ಹೊಕ್ಕು, ಅಲ್ಲಿಂದ ಮೋಡೆಮ್‌ಗಳಿಗೆ ಸಕ್ರಮ ಆಜ್ಞೆಗಳನ್ನೇ ಕಳಿಸಿ ಅವುಗಳ ಫ್ಲ್ಯಾಷ್ ಮೆಮೊರಿಯನ್ನು ಹಾಳುಗೆಡವಿದರು. ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು, ಅವುಗಳನ್ನು ನೋಡುವ ಕಣ್ಣು ಹೋಯಿತು. ಸಾಧನ ನಂಬಿಕೆಗೆ ಅರ್ಹವೇ ಎಂದು ನಾವು ಕೇಳುವಂತೆ, ಆಜ್ಞೆ ಕೊಡುವವರು ನಂಬಿಕೆಗೆ ಅರ್ಹರೇ ಎಂದು ಸಾಧನವೂ ಕೇಳಬೇಕು. ಫರ್ಮ್‌ವೇರ್ ಬದಲಿಸುವ ಆಜ್ಞೆಗೆ, ನಿರ್ವಹಣಾ ಜಾಲದಲ್ಲಿ ಇರದ ಇನ್ನೊಂದು ಕೀಲಿಯ ಸಹಿ ಬೇಕೆಂಬ ನಿಯಮ ಸಾಧನದಲ್ಲೇ ಇದ್ದರೆ ಇಂಥ ದಾಳಿ ಬಹಳ ಕಷ್ಟವಾಗುತ್ತದೆ.

ಪ್ರಶ್ನೆ (ಶಿವಮೊಗ್ಗದ ಓದುಗರು): ಬ್ಯಾಟರಿಯಿಂದ ನಡೆಯುವ ಪುಟ್ಟ ಸೆನ್ಸರ್‌ಗಳಲ್ಲಿ ಟಿಪಿಎಂ ಇಡಲು ಜಾಗವೂ ಇಲ್ಲ, ಹಣವೂ ಇಲ್ಲ. ಅವುಗಳ ಗತಿ? ಹಾಗೆಯೇ, ಟಿಪಿಎಂ ಮುರಿಯಲಾಗದ್ದೇ?

ಉತ್ತರ: ಅಂಥವಕ್ಕೆ ಡೈಸ್ ಎಂಬ ಸರಳ ವಿಧಾನವಿದೆ. ಚಿಪ್ಪಿನಲ್ಲಿ ಅಳಿಸಲಾಗದಂತೆ ಬರೆದಿರುವ ಒಂದು ಗುಟ್ಟನ್ನು ಮೊದಲ ಹಂತದ ಕೋಡ್ ಮಾತ್ರ ಓದಬಲ್ಲದು. ಆ ಕೋಡ್ ಮುಂದಿನ ಹಂತವನ್ನು ಅಳೆದು, ಗುಟ್ಟು ಮತ್ತು ಅಳತೆ ಎರಡರಿಂದ ಹೊಸ ಕೀಲಿಯನ್ನು ಹುಟ್ಟಿಸಿ, ಗುಟ್ಟಿನ ಬಾಗಿಲನ್ನು ಮುಂದಿನ ಬೂಟ್‌ವರೆಗೆ ಮುಚ್ಚಿಬಿಡುತ್ತದೆ. ತಂತ್ರಾಂಶ ಬದಲಾದರೆ ಕೀಲಿಯೇ ಬದಲಾಗುವುದರಿಂದ, ಬದಲಾದ ಸಾಧನ ಹಳೆಯ ಹೆಸರಿನಲ್ಲಿ ಸಹಿ ಹಾಕಲಾರದು.

ಮುರಿಯಲಾಗದ್ದು ಯಾವುದೂ ಇಲ್ಲ. 2017ರಲ್ಲಿ ಇನ್ಫಿನಿಯಾನ್ ಚಿಪ್‌ಗಳು ಹುಟ್ಟಿಸುತ್ತಿದ್ದ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಕೀಲಿಗಳಲ್ಲಿ ರೋಕಾ ಎಂಬ ದೋಷ, 2019ರಲ್ಲಿ ಸಹಿ ಹಾಕಲು ತಗಲುವ ಸಮಯವನ್ನು ಅಳೆದೇ ಕೀಲಿ ಕಂಡುಹಿಡಿಯುವ ಟಿಪಿಎಂ-ಫೇಲ್ ದೋಷ ಬೆಳಕಿಗೆ ಬಂದವು. ಕ್ವೋಟ್‌ನಲ್ಲಿ ಟಿಪಿಎಂನ ಸ್ವಂತ ಫರ್ಮ್‌ವೇರ್ ಆವೃತ್ತಿಯೂ ಇರುತ್ತದೆ. ಅದನ್ನೂ ಪಟ್ಟಿಗೆ ತಾಳೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ (ಹಾವೇರಿ ಜಿಲ್ಲೆಯ ರೈತ ಓದುಗರು): ನಮ್ಮ ಪಂಚಾಯಿತಿಯ ಸ್ವಯಂಚಾಲಿತ ಮಳೆಮಾಪಕದ ಲೆಕ್ಕದ ಮೇಲೆ ಬೆಳೆ ವಿಮೆ ನಿಂತಿದೆ. ಈ ವಿದ್ಯೆಯಿಂದ ಅದು ಸರಿಯಾದ ಮಳೆ ತೋರಿಸುತ್ತಿದೆ ಎಂದು ಖಾತರಿಪಡಿಸಿಕೊಳ್ಳಬಹುದೇ?

ಉತ್ತರ: ಅರ್ಧ ಭಾಗವನ್ನು ಮಾತ್ರ. ಮಾಪಕದೊಳಗಿನ ತಂತ್ರಾಂಶವನ್ನು ಯಾರೂ ಬದಲಿಸಿಲ್ಲ ಎಂಬುದನ್ನು ದೃಢೀಕರಣ ಹೇಳಬಲ್ಲದು. ಮಾಪಕದ ಆಲಿಕೆಯಲ್ಲಿ ಬೇವಿನ ಎಲೆ ಬಿದ್ದು ನೀರು ಇಳಿಯುತ್ತಿಲ್ಲ ಎಂಬುದು ಅದಕ್ಕೆ ತಿಳಿಯದು. ಇಂಥ ಮಾಪಕಗಳಲ್ಲಿ ಸಾಮಾನ್ಯವಾಗಿ ಆಲಿಕೆಯ ಕೆಳಗೆ ತಕ್ಕಡಿಯಂಥ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿ ಮಗುಚಿದಾಗ ಒಂದು ಎಣಿಕೆ. ಜೇಡ ಬಲೆ ಕಟ್ಟಿ ಬಟ್ಟಲು ಮಗುಚದಿದ್ದರೆ ಪ್ರಾಮಾಣಿಕ ತಂತ್ರಾಂಶ ಪ್ರಾಮಾಣಿಕವಾಗಿಯೇ ‘ಸೊನ್ನೆ’ ಎಂದು ಸಹಿ ಹಾಕಿ ಕಳಿಸುತ್ತದೆ. ಬೇಕೆಂದೇ ಸುಳ್ಳು ಓದು ತೋರಿಸುವುದೂ ಉಂಟು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ, ಇರಾನಿನ ನತಾಂಜ್ ಪರಮಾಣು ಘಟಕದಲ್ಲಿ ಸಹಜ ಸ್ಥಿತಿಯ ಓದುಗಳನ್ನು ಮೊದಲೇ ದಾಖಲಿಸಿಕೊಂಡು, ಯಂತ್ರಗಳು ಹಾಳಾಗುತ್ತಿರುವಾಗ ಅವನ್ನೇ ಮರಳಿ ತೋರಿಸುವಂತೆ ರಚಿತವಾಗಿತ್ತು.

ಆದ್ದರಿಂದ ಎರಡನೆಯ ಅರ್ಧಕ್ಕೆ ಬೇರೆ ಸಾಕ್ಷಿ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವುದರಿಂದ ಸುತ್ತಲಿನ ನಾಲ್ಕೈದು ಪಂಚಾಯಿತಿಗಳ ಅಂಕಿಗಳೊಂದಿಗೆ ಹೋಲಿಸುವುದು ಸಾಧ್ಯವಿದೆ. ಮಳೆ ಗದ್ದೆಯ ಬದುವಿನ ಈಚೆ ಬಂದು ಆಚೆ ಬರದಿರುವುದು ತಮಗೆ ಗೊತ್ತೇ ಇದೆ, ಹಾಗಾಗಿ ಒಂದು ದಿನದ ವ್ಯತ್ಯಾಸವನ್ನು ಹಿಡಿದು ದೂರು ಹೇಳಲಾಗದು. ಒಂದು ಮಾಪಕ ಮಾತ್ರ ವಾರಗಟ್ಟಲೆ ನೆರೆಯವಕ್ಕಿಂತ ಕಡಿಮೆ ತೋರಿಸುತ್ತಿದ್ದರೆ ಪರಿಶೀಲನೆ ಕೇಳುವುದಕ್ಕೆ ಅದು ಸಾಕಷ್ಟು ಕಾರಣ. ತಾವು ಮನೆಯ ಅಂಗಳದಲ್ಲಿ ನೇರ ಬದಿಯ ಒಂದು ಪಾತ್ರೆಯಿಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆದು, ಮಿಲಿಮೀಟರಿನಲ್ಲಿ ಬರೆದಿಡಿ. ಹವಾಮಾನ ಇಲಾಖೆಯ ದಿನದ ಮಳೆಯ ಲೆಕ್ಕವೂ ಅದೇ ಹೊತ್ತಿನದು. ಮುಂಗಾರಿಗೆ ಮುನ್ನ ಪಂಚಾಯಿತಿ ಸಭೆಯಲ್ಲಿ, ಮಾಪಕದ ಆಲಿಕೆಯನ್ನು ಕೊನೆಯ ಬಾರಿ ಸ್ವಚ್ಛ ಮಾಡಿದ್ದು ಯಾವಾಗ, ಅದನ್ನು ಬರೆದಿಟ್ಟವರು ಯಾರು ಎಂದು ಕೇಳಿ.